ಒಂದೇ ತಂತಿ, ಮೂರು ಕೆಲಸ

ಮಾರ್ಚ್ 4, ಮಂಗಳವಾರ

ಅಕ್ಕನ ಹಳೆಯ ಲ್ಯಾಪ್‌ಟಾಪ್ ಇವತ್ತು ಬೆಳಿಗ್ಗೆ ಕಣ್ಣು ಮುಚ್ಚಿತು. ಒಳಗೆಲ್ಲೋ ಕಿರ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಅಂಗಡಿಗೆ ಹೋಗಿ ಹೊಸದನ್ನು ಕೊಂಡೆ. ಮಧ್ಯಾಹ್ನದೊಳಗೆ ನೀನು ಮತ್ತೆ ಮಾತಾಡುತ್ತೀಯ ಎಂದು ಅಕ್ಕನಿಗೆ ಹೇಳಿದ್ದೆ. ಸಂಜೆಯಾಯಿತು, ಆಗಲಿಲ್ಲ.

ಎಲ್ಲವನ್ನೂ ಮೊದಲಿನಿಂದ ಕ್ರಮವಾಗಿ ಬರೆಯುತ್ತೇನೆ. ಕ್ರಮವಾಗಿ ಬರೆದರೆ ತಪ್ಪು ತಾನೇ ಎದ್ದು ಕಾಣುತ್ತದೆ. ಕಚೇರಿಯಲ್ಲೂ ಹಾಗೇ ಮಾಡುತ್ತೇನೆ.

ಹೋದ ವರ್ಷದ ಲಕ್ವ ಅಕ್ಕನ ಮಾತನ್ನೂ ಕೈಗಳನ್ನೂ ಕಿತ್ತುಕೊಂಡಿತು. ಬುದ್ಧಿಯನ್ನು ಮುಟ್ಟಲಿಲ್ಲ, ಕಣ್ಣನ್ನು ಮುಟ್ಟಲಿಲ್ಲ, ಬಲಗಾಲನ್ನೂ ಮುಟ್ಟಲಿಲ್ಲ. ಮದುವೆಗೆ ಮುಂಚಿನಿಂದ ಹೊಲಿಗೆ ಯಂತ್ರ ತುಳಿದ ಕಾಲು ಅದು. ಅದರ ತಂಟೆಗೆ ಹೋಗಲು ಲಕ್ವಕ್ಕೂ ಧೈರ್ಯ ಬರಲಿಲ್ಲ ಎಂದು ಭಾವ ಬಂದವರಿಗೆಲ್ಲ ಹೇಳುತ್ತಾರೆ.

ನಮ್ಮ ಕಂಪನಿ ತೂಕದ ಯಂತ್ರಗಳನ್ನು ತಯಾರಿಸುತ್ತದೆ. ಅವುಗಳ ಡ್ರೈವರ್ ಬರೆಯುವುದು, ಅಂದರೆ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಮಾತು ನಡೆಸುವ ತಂತ್ರಾಂಶವನ್ನು ಬರೆಯುವುದು, ನನ್ನ ಕೆಲಸ. ಗೋದಾಮಿನಲ್ಲಿ ಎರಡೂ ಕೈಯಲ್ಲಿ ಮೂಟೆ ಹಿಡಿದವನು ಕಾಲಲ್ಲಿ ತುಳಿದು ತೂಕ ದಾಖಲಿಸಲೆಂದು ನಮ್ಮಲ್ಲಿ ಒಂದು ಪೆಡಲ್ ಪೆಟ್ಟಿಗೆ ಇದೆ. ಸಹೋದ್ಯೋಗಿಗಳು ಅಂಥದೊಂದನ್ನು ಬಿಚ್ಚಿ, ಒಳಗೆ ಸ್ಪೀಕರ್ ಕೂಡಿಸಿ, ಅಕ್ಕನಿಗೆಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ನಾನು ಕೇಳಿರಲಿಲ್ಲ. ಯಾರ ಐಡಿಯಾ ಎಂದು ಇವತ್ತಿಗೂ ಒಬ್ಬರೂ ಬಾಯಿ ಬಿಟ್ಟಿಲ್ಲ.

ಪೆಟ್ಟಿಗೆಗೆ ಯುಎಸ್‌ಬಿ ತಂತಿ ಒಂದೇ, ಕೆಲಸ ಮೂರು. ಪೆಡಲ್ ತುಳಿದರೆ ಕೀಲಿಮಣೆಯ ಸ್ಪೇಸ್ ಕೀಲಿ ಒತ್ತಿದಂತೆ. ಪರದೆಯಲ್ಲಿ ಅಕ್ಷರಗಳ ಸಾಲಿನಿಂದ ಸಾಲಿಗೆ ಬೆಳಕು ಸರಿಯುತ್ತಿರುತ್ತದೆ. ಬೇಕಾದ ಸಾಲು ಬಂದಾಗ ಒಮ್ಮೆ, ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ, ಕೊಂಬು ದೀರ್ಘಗಳಿಗೆ ಮತ್ತೊಮ್ಮೆ ತುಳಿಯಬೇಕು. ವಾಕ್ಯ ಮುಗಿದರೆ ಸ್ಪೀಕರ್ ಅದನ್ನು ಕೆಳಗಿನ ಸೈಕಲ್ ಅಂಗಡಿಗೂ ಕೇಳುವಷ್ಟು ಜೋರಾಗಿ ಹೇಳುತ್ತದೆ. ಅಂಗಡಿ ಭಾವನದು, ಆದ್ದರಿಂದ ಜೋರಾಗಿ ಹೇಳುವುದು ಮುಖ್ಯ. ಮೂರನೆಯದು ಹದ ಮಾಡುವ ದಾರಿ. ಅಕ್ಕನ ಕಾಲಿನ ಬಲ ದಿನಕ್ಕೊಂದು ಥರ. ಎಷ್ಟು ಒತ್ತಿದರೆ ಒತ್ತಿದ ಲೆಕ್ಕ ಎಂಬುದನ್ನು ಆ ದಾರಿಯಿಂದ ಬದಲಿಸುತ್ತೇವೆ. ಪೇಟೆಯಲ್ಲಿ ಸಿಗುವ ಪೆಡಲ್‌ಗಳಿಗೆ ಅವಳ ಹಗುರವಾದ ಒತ್ತು ತಿಳಿಯುವುದೇ ಇಲ್ಲ.

ಹೊಸ ಲ್ಯಾಪ್‌ಟಾಪಿಗೆ ಹದದ ದಾರಿ ಮಾತ್ರ ಕಂಡಿತು. ಪೆಡಲ್ ಕಾಣಲಿಲ್ಲ, ಸ್ಪೀಕರ್ ಕಾಣಲಿಲ್ಲ.

ನನ್ನ ರಜೆ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಅಕ್ಕ ಎಲ್ಲಿರಬೇಕೆಂದು ತೀರ್ಮಾನವಾಗಬೇಕು. ನನ್ನ ಮನೆಯಲ್ಲಿ ಲಿಫ್ಟ್ ಇದೆ, ಆಸ್ಪತ್ರೆ ಹತ್ತಿರ. ಇಲ್ಲಿರುವುದು ಅಂಗಡಿಯ ಮೇಲಿನ ಎರಡು ಕೋಣೆ, ಕಡಿದಾದ ಮೆಟ್ಟಿಲು, ಮತ್ತು ಭಾವ. ಅವಳನ್ನೇ ಕೇಳೋಣ ಎಂದು ನಾವಿಬ್ಬರೂ ಒಪ್ಪಿದ್ದೇವೆ. ನಾವಿಬ್ಬರೂ ಒಪ್ಪಿದ ವಿಷಯ ಅದೊಂದೇ. ಕೇಳಬೇಕೆಂದುಕೊಂಡ ವಾರವೇ ಯಂತ್ರ ಕೈಕೊಟ್ಟಿತು.

ಕಂಪ್ಯೂಟರ್ ಅಂಗಡಿಯವನು ಹೊಸ ಲ್ಯಾಪ್‌ಟಾಪನ್ನು ತಾನೇ ಹೊತ್ತು ತಂದು ಮೆಟ್ಟಿಲು ಹತ್ತಿಸಿ ಕೊಟ್ಟ. ಒಳ್ಳೆಯ ಮನುಷ್ಯ.

ಮಾರ್ಚ್ 5, ಬುಧವಾರ

ಕಾರಣ ಸಿಕ್ಕಿತು. ಯುಎಸ್‌ಬಿಗೆ ಸಿಕ್ಕಿಸಿದ ಪ್ರತಿಯೊಂದು ವಸ್ತುವೂ ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ನಮ್ಮ ಪೆಟ್ಟಿಗೆ ಹುಟ್ಟಿದ್ದು ತೂಕದ ಯಂತ್ರಕ್ಕಾಗಿ. ಹಾಗಾಗಿ ಇಂದಿಗೂ "ನಾನು ತೂಕದ ಸಂದೇಶ ಕಳಿಸುವವನು" ಎಂದಷ್ಟೇ ಹೇಳುತ್ತದೆ. ಅದನ್ನು ನಂಬಿದ ಕಂಪ್ಯೂಟರ್ ಒಬ್ಬನೇ ಡ್ರೈವರನ್ನು ಕರೆದು ಇಡೀ ಪೆಟ್ಟಿಗೆಯನ್ನು ಅವನ ಕೈಗೆ ಕೊಡುತ್ತದೆ. ಅವನು ತನಗೆ ಗೊತ್ತಿರುವ ಹದದ ದಾರಿಯನ್ನಷ್ಟೇ ತೆರೆಯುತ್ತಾನೆ, ಉಳಿದ ಎರಡು ಬಾಗಿಲು ಮುಚ್ಚಿಯೇ ಇರುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಇದಕ್ಕೆಂದೇ ನಾನೊಂದು ತುಣುಕು ಬರೆದು ಹಾಕಿದ್ದೆ. ಹೊಸದರ ಕಾವಲು ಬಿಗಿ, ಅದನ್ನು ಒಳಗೆ ಬಿಡುವುದಿಲ್ಲ.

ಸರಿಯಾದ ದಾರಿ ಬೇರೆ ಇದೆ. "ನನ್ನಲ್ಲಿ ಹಲವು ಭಾಗಗಳಿವೆ, ಒಂದೊಂದನ್ನೂ ಕೇಳು" ಎಂದು ಪೆಟ್ಟಿಗೆಯೇ ಹೇಳಿದರೆ, ಕಂಪ್ಯೂಟರಿನಲ್ಲಿ ಮೊದಲೇ ಇರುವ ತಾಯಿ ಡ್ರೈವರ್ ಎದ್ದು ಬರುತ್ತದೆ. ಅದು ಸ್ವತಃ ಪೆಡಲನ್ನೂ ಓದುವುದಿಲ್ಲ, ಶಬ್ದವನ್ನೂ ಹೊರಡಿಸುವುದಿಲ್ಲ. ಭಾಗಗಳನ್ನು ಬೇರೆ ಮಾಡಿ, ಆಯಾ ಕೆಲಸ ಬಲ್ಲವರಿಗೆ ಒಪ್ಪಿಸಿ, ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅದನ್ನು ಬರೆದವರು ಯಾರೋ, ಯಾವ ಊರಿನವರೋ. ನಮ್ಮಕ್ಕನ ಕಾಲು ಅವರ ಲೆಕ್ಕದಲ್ಲಿ ಎಂದೂ ಬಂದಿರಲಾರದು. ಆದರೂ ಕೆಲಸ ಮುಗಿಸಿ ಇಟ್ಟಿದ್ದಾರೆ. ಇಂಥವರನ್ನು ನೆನೆದರೆ ನನಗೆ ಸಮಾಧಾನವಾಗುತ್ತದೆ.

ಪೆಟ್ಟಿಗೆಯ ಪರಿಚಯವನ್ನು ತಿದ್ದಲು ಶುರು ಮಾಡಿದ್ದೇನೆ.

ಮಾರ್ಚ್ 7, ಶುಕ್ರವಾರ

ತಿದ್ದಿ ಮುಗಿಸಿದೆ. ಸಾಲು ಸಾಲಾಗಿ ಪರೀಕ್ಷಿಸಿ ಪೆಟ್ಟಿಗೆಗೆ ತುಂಬಿ ಸಿಕ್ಕಿಸಿದೆ. ಹದದ ದಾರಿ ಮಾತ್ರ ಕಂಡಿತು. ತೆಗೆದು ಸಿಕ್ಕಿಸಿದೆ. ಹದದ ದಾರಿ ಮಾತ್ರ.

"ಬಿಡು ಇಂಜಿನಿಯರಮ್ಮ, ಊಟ ಮಾಡು. ಪೆಟ್ಟಿಗೆ ಎಲ್ಲೂ ಓಡಿಹೋಗಲ್ಲ" ಎಂದು ಭಾವ ಅಡುಗೆಮನೆಯ ಕಡೆ ಹೊರಟರು. ನಾನೇ ಎದ್ದು ಹೋದೆ. ಅವರು ಒಲೆಯ ಮುಂದೆ ನಿಂತರೆ ಏನಾಗುತ್ತದೆಂದು ನನಗೆ ಗೊತ್ತಿದೆ. ಅವರ ಮದುವೆಯಾದ ವರ್ಷ ಹಾಲು ಕಾಯಿಸಲು ಇಟ್ಟು ಪಾತ್ರೆಯ ತಳವನ್ನೇ ತೂತು ಮಾಡಿದ್ದರು. ಬಡಿಸಿದೆ, ಅಕ್ಕನಿಗೆ ಉಣಿಸಿದೆ, ಮಾತ್ರೆ ಕೊಟ್ಟೆ, ಮಗ್ಗುಲು ಬದಲಿಸಿದೆ, ಪಾತ್ರೆ ತೊಳೆದೆ. ಅವರನ್ನು ಅಂಗಡಿಗೆ ಕಳಿಸಿದೆ. ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ.

ಸಂಜೆ ಅಕ್ಕನಿಗೆ ಕಾದಂಬರಿ ಓದಿದೆ. ಹಿಮ ಬೀಳುವ ಸಣ್ಣ ನಿಲ್ದಾಣದ ಸ್ಟೇಷನ್ ಮಾಸ್ತರನ ಕತೆ. ಊರು ಬಿಡಬೇಕೆಂದು ಅವನಿಗೆ ಆಸೆ, ಆದರೆ ರೈಲುಗಳೆಲ್ಲ ಅವನೇ ಹಸಿರು ಬಾವುಟ ತೋರಿಸಿದ ಮೇಲೆ ಹೊರಡುತ್ತವೆ. ಅನುವಾದ ಅಚ್ಚುಕಟ್ಟು, ಮೂಲದ ಉದ್ದ ವಾಕ್ಯಗಳನ್ನು ಮುರಿಯದೆ ತಂದಿದ್ದಾರೆ. ಒಂದು ವಾಕ್ಯವನ್ನೂ ಬಿಡದೆ ಓದುತ್ತೇನೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಾಳೆ. ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಇದು.

ಮಾರ್ಚ್ 8, ಶನಿವಾರ

ಮತ್ತೆ ತಿದ್ದಿದೆ. ಫಲ ಅದೇ. ನಿನ್ನೆಯದನ್ನೇ ವಾಪಸ್ ತುಂಬಿಟ್ಟೆ.

ಮಾರ್ಚ್ 10, ಸೋಮವಾರ

ಅಕ್ಕನ ಕಾಲಿಗೆ ವ್ಯಾಯಾಮ ಮಾಡಿಸಲು ಫಿಸಿಯೋ ಬಂದಿದ್ದರು. ಅವರ ಎದುರಿಗೇ ಕೇಳಿದೆ. "ಅಕ್ಕಾ, ನನ್ನ ಮನೆಗೆ ಬರ್ತೀಯಾ?" ಅಕ್ಕ ರೆಪ್ಪೆ ಒಮ್ಮೆ ಬಡಿದಳು. ಒಮ್ಮೆ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ.

"ನೆನ್ನೆ ನಾನೂ ಕೇಳ್ದೆ, 'ಇಲ್ಲೇ ಇರ್ತೀಯಾ' ಅಂತ" ಎಂದರು ಭಾವ, ಬಾಗಿಲಲ್ಲಿ ನಿಂತು. "ನನಗೂ ಒಂದೇ ಸಲ ಬಡಿದ್ಲು."

"ಇಬ್ಬರಿಗೂ ಹೂಂ ಅಂದಿದ್ದಾರೆ" ಫಿಸಿಯೋ ನಕ್ಕರು. "ಮನೆಯಲ್ಲಿ ಶಾಂತಿ ಕಾಪಾಡ್ತಿದ್ದಾರೆ ನಿಮ್ಮಕ್ಕ."

ರೆಪ್ಪೆಯನ್ನು ನಂಬಲಾಗದು ಎಂದು ತೀರ್ಮಾನಿಸಿದೆ. ಸುಸ್ತಾದಾಗ ತಾನಾಗಿ ಮುಚ್ಚಿಕೊಳ್ಳಲೂಬಹುದು. ಅವಳ ಮಾತೇ ಬೇಕು. ಫಿಸಿಯೋ ಹೊರಡುವಾಗ ಅಕ್ಕನ ಪಾದ ತಟ್ಟಿ, "ಈ ಕಾಲು ಕಾಯ್ತಾ ಇದೆ ಕಣ್ರೀ, ಬೇಗ ಮಾಡಿ" ಎಂದರು. ಬೈಗುಳದಂತೆ ಕೇಳಲಿಲ್ಲ. ಅವರಿಗೆ ಈ ಮನೆ ದಾರಿಯಲ್ಲೂ ಅಲ್ಲ, ಆದರೂ ಒಂದು ಸೋಮವಾರವನ್ನೂ ತಪ್ಪಿಸಿಲ್ಲ.

ಮಾರ್ಚ್ 13, ಗುರುವಾರ

ಇವತ್ತು ಸಿಟ್ಟು ಮಾಡಿಕೊಂಡೆ. ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆ ಮೇಜಿನ ಮೇಲಿಲ್ಲ. ಕೆಳಗೆ ಅಂಗಡಿಯಲ್ಲಿತ್ತು, ಭಾವನ ಕಾಲಡಿ. ಹಳೆಯ ಹಾಡು ಬೀದಿಗೆಲ್ಲ ಕೇಳುತ್ತಿತ್ತು. ಅವರು ಸೈಕಲ್ ಚಕ್ರ ತಿರುಗಿಸುತ್ತ ತಾಳ ಹಾಕುತ್ತಿದ್ದರು.

"ಏನ್ ಭಾವ ಇದು!"

"ಅಯ್ಯೋ, ಮೇಲೆ ಸುಮ್ಮನೆ ಬಿದ್ದಿತ್ತಲ್ಲ. ಎಷ್ಟು ಚೆನ್ನಾಗಿ ಹಾಡುತ್ತೆ ಗೊತ್ತಾ? ಒಂದು ತಮಾಷೆ ನೋಡು, ಪೆಡಲ್ ಮೇಲೆ ಕಾಲಿಟ್ರೆ ಇಲ್ಲಿ ಬಿಲ್ಲಲ್ಲಿ—"

"ಆಮೇಲೆ ಭಾವ" ಎಂದೆ. ಪೆಟ್ಟಿಗೆಯನ್ನು ಕಿತ್ತುಕೊಂಡು ಮೇಲೆ ಬಂದೆ. ಪೆಡಲ್ ತುಂಬ ಗ್ರೀಸ್. ಪೆಟ್ಟಿಗೆಯ ಪಕ್ಕದಲ್ಲಿ ಫೋನಿನ ತಂತಿ ಸಿಕ್ಕಿಸುವ ತೂತು ಇದೆ, ಅದರಲ್ಲಿ ಹಾಡು ಹಾಕಿಕೊಂಡಿರಬೇಕು. ಇಂಥದ್ದಕ್ಕೆಲ್ಲ ಅವರ ತಲೆ ಚೆನ್ನಾಗಿ ಓಡುತ್ತದೆ. ಸ್ಪಿರಿಟ್ ಹಾಕಿ ಒರೆಸಿ, ಏಳನೇ ತಾರೀಖಿನ ತಿದ್ದುಪಡಿಯನ್ನು ತೆಗೆದು ಬೇರೆಯೇ ರೀತಿಯಲ್ಲಿ ಬರೆದು ನೋಡಿದೆ. ಇಲ್ಲ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಲ್ಲಿ ನಾನು ಕಪಾಟಿನ ಬಾಗಿಲು ಬಡಿದಿದ್ದು ಅವಳಿಗೆ ಕೇಳಿಸಿದೆ.

ಮಾರ್ಚ್ 16, ಭಾನುವಾರ

ಜ್ವರ. ಕಣ್ಣು ಬಿಡಲಾಗುತ್ತಿಲ್ಲ. ಅಕ್ಕನ ಹತ್ತಿರ ಹೋಗಬಾರದು, ಅವಳಿಗೆ ತಗಲಿದರೆ ಕಷ್ಟ ಎಂದು ಭಾವ ನನ್ನನ್ನು ಒಳಕೋಣೆಗೆ ದಬ್ಬಿ ಬಾಗಿಲು ಹಾಕಿದರು. ಮಾತ್ರೆಯ ಹೊತ್ತುಗಳನ್ನು ಬಾಗಿಲಿನಾಚೆಗೆ ಕೂಗಿ ಹೇಳಿದೆ.

"ಗೊತ್ತಮ್ಮ ನಂಗೆ, ಮಲ್ಕೋ."

ದೇವರೇ ಕಾಪಾಡಬೇಕು.

ಮಾರ್ಚ್ 18, ಮಂಗಳವಾರ

ಜ್ವರ ಇಳಿದಿದೆ. ಇನ್ನೂ ಏಳಬೇಡ ಎಂದಿದ್ದಾರೆ. ಅದೃಷ್ಟಕ್ಕೆ ಈ ಎರಡು ದಿನ ಮನೆಯಲ್ಲಿ ಏನೂ ಹೆಚ್ಚುಕಮ್ಮಿಯಾಗಲಿಲ್ಲ. ಮಾತ್ರೆಗಳು ಸರಿಯಾದ ಹೊತ್ತಿಗೆ ಹೋದವು. ಮಲಗಿ ಮಲಗಿ ಅಕ್ಕನ ಬೆನ್ನಿಗೆ ಬಂದಿದ್ದ ಕೆಂಪು ಕಡಿಮೆಯಾಗಿದೆಯಂತೆ. ಭಾವ ನನಗೆ ಸೂಪ್ ಮಾಡಿ ತಂದರು. ಉಪ್ಪು ಹದವಾಗಿತ್ತು. ಪಾತ್ರೆಯೂ ಇನ್ನೂ ಇದೆ.

ಸಂಜೆ ಗೋಡೆಯಾಚೆಯಿಂದ ಭಾವ ಕಾದಂಬರಿ ಓದುವುದು ಕೇಳಿಸಿತು. ಓದು ಎನ್ನುವುದು ಕಷ್ಟ. "ಹಿಮ, ಹಿಮ, ಹಿಮ... ಇಲ್ಲೂ ಹಿಮಾನೇ ಕಣೇ, ಮುಂದಕ್ಕೆ ಹೋಗ್ಲಾ?" ಎಂದು ಪುಟ ಮಗುಚಿದರು. ಎರಡು ಪುಟದ ವರ್ಣನೆ ಹೋಯಿತು. ನಾಯಕನ ಹೆಸರನ್ನು ಉಚ್ಚರಿಸಲಾಗದೆ "ನಮ್ಮ ಮಾಸ್ತರು" ಮಾಡಿದರು. "ನೋಡು, ಮತ್ತೆ ಬಾವುಟ ಹಿಡ್ಕೊಂಡ. ಇವನ ಹೆಂಡತಿಯಾಗಿದ್ರೆ ನೀನು ಬಾವುಟದ ಬಟ್ಟೇಲಿ ರವಿಕೆ ಹೊಲಿದುಬಿಡ್ತಿದ್ದೆ."

ಆಗ ಒಂದು ಸದ್ದು ಬಂತು, ಗಂಟಲಿನಿಂದ ಗಾಳಿ ಒಡೆದು ಹೊರಬಂದ ಹಾಗೆ. ಮತ್ತೆ ಬಂತು. ಅದು ಏನೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಅಕ್ಕ ನಗುತ್ತಿದ್ದಳು.

ಬಿಟ್ಟುಹೋದ ಪುಟಗಳನ್ನು ಗುರುತು ಹಾಕಿಕೊಂಡು ಆಮೇಲೆ ಓದಿ ಹೇಳಬೇಕು.

ಮಾರ್ಚ್ 20, ಗುರುವಾರ

ಕಚೇರಿಯಿಂದ ಅನುಮಾನ ಬಂದಿದ್ದಳು. ನಮ್ಮಲ್ಲಿ ಪರೀಕ್ಷೆಯ ಕೆಲಸದವಳು. ಯಾವುದನ್ನೂ ಒಂದೇ ಸಲಕ್ಕೆ ನಂಬುವುದಿಲ್ಲವೆಂದು ಎಲ್ಲರೂ ಅವಳನ್ನು ಹಾಗೆ ಕರೆಯುವುದು. ಅವಳೂ ಆ ಹೆಸರಿಗೇ ಓಗೊಡುತ್ತಾಳೆ. ನನ್ನ ಎಲ್ಲ ತಿದ್ದುಪಡಿಗಳನ್ನು ಮೊದಲಿನಿಂದ ಓದಿದಳು. ಭಾವ ಟೀ ತಂದಿಟ್ಟರು.

"ಮೇಡಂ, ಏಳನೇ ತಾರೀಖಿಂದು ಸರಿಯಾಗೇ ಇದೆ."

"ಇದ್ದಿದ್ರೆ ನಡೀಬೇಕಿತ್ತಲ್ಲ."

"ಎಲ್ಲಿ ನೋಡಿದ್ರಿ? ಈ ಲ್ಯಾಪ್‌ಟಾಪಲ್ಲೇ? ಬೇರೆ ಯಾವುದರಲ್ಲೂ ನೋಡ್ಲಿಲ್ವಾ?"

"ಬೇರೆ ಎಲ್ಲಿದೆ ಇಲ್ಲಿ?"

"ನಮ್ಮ ಅಂಗಡೀಲಿ" ಎಂದರು ಭಾವ.

ನಾವಿಬ್ಬರೂ ತಿರುಗಿ ನೋಡಿದೆವು.

"ಅವತ್ತು ಬಿಲ್ ಹಾಕೋ ಕಂಪ್ಯೂಟರಿಗೆ ಸಿಕ್ಕಿಸಿದ್ದೆ. ಹಾಡು ಬಂತು. ಪೆಡಲ್ ತುಳಿದ್ರೆ ಬಿಲ್ಲಲ್ಲಿದ್ದ ಗಿರಾಕಿ ಹೆಸರು ಬಲಗಡೆ ಬಲಗಡೆ ಓಡೋದು. ಹೇಳೋಣ ಅಂತ ಬಂದ್ರೆ ಇವಳು ಗ್ರೀಸಿಗೆ ಬೈದ್ಲು."

ಅನುಮಾನ ಟೀ ಲೋಟ ಕೆಳಗಿಟ್ಟಳು. "ಸರ್, ನೀವು ನಮ್ಮ ಕಂಪನಿಗೆ ಬಂದುಬಿಡಿ."

"ಸಂಬಳ ಬೇಡ, ಆ ಸ್ಪೀಕರ್ ಕೊಟ್ರೆ ಸಾಕು."

ಆಮೇಲೆ ಎಲ್ಲ ಬೇಗ ಆಯಿತು. ಪೆಟ್ಟಿಗೆ ತನ್ನ ಪರಿಚಯದ ಜೊತೆ ಒಂದು ಆವೃತ್ತಿ ಸಂಖ್ಯೆಯನ್ನೂ ಹೇಳುತ್ತದೆ. ನಾನು ಪರಿಚಯವನ್ನು ತಿದ್ದಿದ್ದೆ, ಸಂಖ್ಯೆಯನ್ನು ಹಾಗೇ ಬಿಟ್ಟಿದ್ದೆ. ಹೊಸ ಲ್ಯಾಪ್‌ಟಾಪ್ ಮೊದಲ ದಿನವೇ ಪೆಟ್ಟಿಗೆಯನ್ನು ನೋಡಿ, ಇಂಥವನೆಂದು ಗುರುತು ಹಾಕಿಕೊಂಡಿತ್ತು. ನಾನು ತಿದ್ದಿದ ಮೇಲೂ ಅದೇ ಸಂಖ್ಯೆ ಬಂದಾಗ, ಇವನು ಗೊತ್ತಿರುವವನೇ ಎಂದು, ಹೊಸದಾಗಿ ಏನು ಹೇಳುತ್ತಾನೆಂದು ಕೇಳುವ ಗೋಜಿಗೇ ಹೋಗದೆ ಹಳೆಯ ಡ್ರೈವರನ್ನೇ ಕರೆಯಿತು. ಅಂಗಡಿಯ ಕಂಪ್ಯೂಟರ್ ಪೆಟ್ಟಿಗೆಯನ್ನು ಮೊದಲ ಸಲ ನೋಡುತ್ತಿತ್ತು. ಹಾಗಾಗಿ ಪೂರ್ತಿ ಕೇಳಿಸಿಕೊಂಡಿತು. ಇಷ್ಟನ್ನು ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಹೇಳಿಕೊಡುವವಳು ನಾನೇ. ಯಂತ್ರಗಳ ಸ್ವಭಾವವೇ ಹಾಗೆ, ಏನು ಮಾಡುವುದು.

ಏಳನೇ ತಾರೀಖಿನದನ್ನೇ ಮತ್ತೆ ತುಂಬಿ, ಸಂಖ್ಯೆಯನ್ನು ಒಂದು ಹೆಚ್ಚಿಸಿ ಸಿಕ್ಕಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪೆಡಲ್ ಕಾಣಿಸಿಕೊಂಡಿತು, ಅದರ ಹಿಂದೆ ಸ್ಪೀಕರ್, ಅದರ ಹಿಂದೆ ಹದದ ದಾರಿ.

ಭಾವ ಅಕ್ಕನ ಪಾದವನ್ನು ಎತ್ತಿ ಪೆಡಲ್ ಮೇಲಿಟ್ಟರು. ಹಿಮ್ಮಡಿಯ ಕೆಳಗೆ ಮಡಚಿದ ಬಟ್ಟೆ ಇಟ್ಟರು. ಅದನ್ನು ಅವರು ಯಾವಾಗ ಕಲಿತರೋ. ಬೆಳಕು ಸಾಲಿನಿಂದ ಸಾಲಿಗೆ ಸರಿಯಿತು. ಅಕ್ಕ ಆತುರಪಡಲಿಲ್ಲ. ಅವಳು ತುಳಿಯುತ್ತ ಹೋದಂತೆ ನಾವು ಮೂವರೂ ಅಕ್ಷರಗಳನ್ನು ಒಂದೊಂದಾಗಿ ನೋಡುತ್ತಿದ್ದೆವು. ವಾಕ್ಯ ಮುಗಿಯಿತು. ವಾರ್ತೆ ಓದುವವರ ದನಿಯಲ್ಲಿ ಸ್ಪೀಕರ್ ಹೇಳಿತು:

"ಆ ಪುಸ್ತಕದ ಕೊನೆ ಪುಟ ಓದು."

"ಕೊನೆ ಪುಟಾನಾ? ಇನ್ನೂ ಅರ್ಧ ಇದೆಯಲ್ಲಕ್ಕ!"

ಮತ್ತೆ ಬೆಳಕು ಸರಿಯಿತು. "ರೈಲು ಹತ್ತುತ್ತಾನಾ ಇಲ್ವಾ. ಅಷ್ಟು ಹೇಳು. ಸಾಕಾಗಿದೆ."

ಅನುಮಾನ ಮುಖ ತಿರುಗಿಸಿಕೊಂಡು ನಕ್ಕಳು. ಭಾವ ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಹಳ ಹೊತ್ತು ತೊಳೆದರು. ನಾನು ಕೊನೆಯ ಪುಟ ತೆಗೆದು ಓದಿದೆ. ಹತ್ತುತ್ತಾನೆ. ನನಗೂ ಗೊತ್ತಿರಲಿಲ್ಲ.

ಮಾರ್ಚ್ 23, ಭಾನುವಾರ

ಇವತ್ತು ಕೇಳಿದೆವು. ಇಬ್ಬರೂ ಅವಳ ಎದುರಿಗೆ ಕುಳಿತೆವು. ಭಾವ ಅಂಗಿ ಬದಲಿಸಿ, ತಲೆ ಬಾಚಿಕೊಂಡು ಬಂದಿದ್ದರು. ಹೆಣ್ಣು ನೋಡಲು ಬಂದವರ ಹಾಗಿದ್ದೀರಿ ಎಂದು ಹೇಳಬೇಕೆನಿಸಿತು.

ಕಾಲು ಸ್ವಲ್ಪ ಸೋತಿತ್ತು, ಹದವನ್ನು ಇಳಿಸಿದೆ. ಅಕ್ಕ ಬರೆದಳು. ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಸ್ಪೀಕರ್ ಹೇಳಿದ್ದನ್ನು, ನನ್ನನ್ನು ಪುಟ್ಟಿ ಎಂದದ್ದನ್ನೂ ಸೇರಿಸಿ, ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ.

"ಅವತ್ತು ಇಬ್ಬರಿಗೂ ಹೂಂ ಅಂದಿದ್ದು ನಿಜ. ಒಂದು ದಿನ ಹಾಗೆ ಅನಿಸಿತು. ಮಾರನೇ ದಿನ ಹೀಗೆ. ಇವತ್ತು ಇಲ್ಲೇ ಇರ್ತೀನಿ. ಪುಟ್ಟಿ ತನ್ನ ಮನೆಗೆ ಹೋಗಲಿ. ಮತ್ತೆ ಕೇಳಿ. ಆಗಾಗ ಕೇಳ್ತಾ ಇರಿ."

ಭಾವ ಎದ್ದು ಕಿಟಕಿಯ ಹತ್ತಿರ ಹೋದರು. ನಾನು ಲಿಫ್ಟಿನ ವಿಷಯ ಎತ್ತಬೇಕೆಂದು ಬಾಯಿ ತೆರೆದೆ. ಎಲ್ಲವನ್ನೂ ಮೊದಲೇ ಸಿದ್ಧಮಾಡಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ:

"ಭಾವ, ಬೆಳಗಿನ ಮಾತ್ರೆ ಊಟಕ್ಕೆ ಮುಂಚೆ ಕೊಡ್ತೀರಾ, ಆಮೇಲೆ ಕೊಡ್ತೀರಾ?"

"ಮುಂಚೆ. ಆಮೇಲೆ ಕೊಟ್ರೆ ಅವಳಿಗೆ ವಾಕರಿಕೆ. ನೀನು ಆಮೇಲೆ ಕೊಡ್ತಿದ್ದೆ, ನಾನು ಸುಮ್ಮನಿದ್ದೆ."

ಅಕ್ಕ ರೆಪ್ಪೆಯನ್ನು ಒಂದು ಸಲ ಬಡಿದಳು.

ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಮೈ ಹಗುರಾದಂತಿದೆ, ಜ್ವರ ಬಿಟ್ಟದ್ದರಿಂದ ಇರಬೇಕು.

ಮಾರ್ಚ್ 30, ಭಾನುವಾರ

ನನ್ನ ಮನೆ. ಧೂಳು. ಗಿಡ ಒಣಗಿಲ್ಲ, ಎದುರು ಮನೆಯಾಕೆ ನೀರು ಹಾಕಿದ್ದಾರೆ. ಕೇಳಿಕೊಂಡಿರಲಿಲ್ಲ. ಹೋಗಿ ಥ್ಯಾಂಕ್ಸ್ ಹೇಳಿ, ಕೂತು ಮಾತಾಡಿ ಬಂದೆ. ಇಷ್ಟು ವರ್ಷ ಅವರನ್ನು ಗಂಭೀರ ಸ್ವಭಾವದವರೆಂದುಕೊಂಡಿದ್ದೆ. ಬಾಯಿ ತೆರೆದರೆ ನಿಲ್ಲಿಸುವುದೇ ಇಲ್ಲ.

ಏಪ್ರಿಲ್ 6, ಭಾನುವಾರ

ಅಕ್ಕನ ಮನೆಗೆ ಹೋಗಿ ಬಂದೆ. ಮೆಟ್ಟಿಲ ಬುಡದಲ್ಲಿರುವಾಗಲೇ ಮೇಲಿನಿಂದ ಸ್ಪೀಕರ್ ಕೂಗಿತು: "ಹಾಲು ಉಕ್ಕುತ್ತಿದೆ." ಅಂಗಡಿಯಲ್ಲಿದ್ದ ಭಾವ ನಟ್ಟು ಬಿಗಿಯುತ್ತಿದ್ದ ಪಾನಾ ಬಿಸಾಕಿ ನನ್ನನ್ನು ದಾಟಿಕೊಂಡು ಮೆಟ್ಟಿಲು ಹತ್ತಿ ಓಡಿದರು. ನಾನು ನಿಧಾನವಾಗಿ ಹತ್ತಿದೆ.

"ನೋಡಿದ್ಯಾ? ಈಗ ಅಲ್ಲಿಂದಲೇ ಅಡುಗೆ ಮಾಡಿಸ್ತಾಳೆ" ಎಂದರು ಒಲೆ ಒರೆಸುತ್ತ.

ಚೀಲದಲ್ಲಿ ಹೊಸ ಕಾದಂಬರಿ ಇತ್ತು, ಅನುವಾದವೇ. ಸಮುದ್ರ ತೀರದ ಊರಿನ ಇಬ್ಬರು ದರ್ಜಿಗಳ ಕತೆ. ಹೋದ ತಿಂಗಳು "ಸಾಕಾಗಿದೆ" ಅಂದವಳಿಗೆ ಇದನ್ನು ತೋರಿಸುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ.

"ಅಕ್ಕಾ, ಇದು ಓದ್ಲಾ? ಬೇಡ ಅಂದ್ರೆ ಬೇಡ."

ಬೆಳಕು ಸಾಲುಗಳ ಮೇಲೆ ಸರಿಯಿತು. ಅವಳ ಕಾಲು ಈಗ ಬೇಗ ಬೇಗ ನಡೆಯುತ್ತದೆ.

"ಮೊದಲ ಪುಟ ಓದಿ. ನೋಡೋಣ."

ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದೆ. ಅಕ್ಕ ಇನ್ನೂ ತುಳಿಯುತ್ತಿದ್ದಳು.

"ಅವರು ಓದಲಿ. ನೀನು ಕೂತ್ಕೊಂಡು ಕೇಳು."

ಭಾವ ಕೈ ಒರೆಸಿಕೊಂಡು ಬಂದು ಕುಳಿತರು. ಊರಿನ ಹೆಸರನ್ನು ಮೊದಲ ಸಾಲಿನಲ್ಲೇ ತಪ್ಪು ಓದಿದರು, ಎರಡನೆಯ ಸಾಲಿನಲ್ಲಿ ಇನ್ನೊಂದು ಥರ ತಪ್ಪು ಓದಿದರು. ನಾನು ಟೀ ಕುಡಿಯುತ್ತ ಕೇಳಿದೆ. ಮುಂದೇನಾಯಿತು ಎಂದು ತಿಳಿಯಬೇಕೆನಿಸಿತು.